ಸ್ವಿಫ್ಟಿನ ಕೋನ್ ಫಿಲ್ಟರ್ ಹುಡುಕಾಟ: ಮಾರ್ಚ್‌ನಿಂದ ಮೇ ತನಕ

ಮಾರ್ಚ್ 2, 2025, ಭಾನುವಾರ

ಬೆಳಿಗ್ಗೆ ಗಾಡಿ ತೊಳೆಯುತ್ತಿದ್ದೆ. ಬಾನೆಟ್ ಎತ್ತಿ ಒಳಗೂ ಒಂದು ಸಲ ಬಟ್ಟೆ ಆಡಿಸೋಣ ಅಂತ ಹೋದರೆ ಏರ್ ಫಿಲ್ಟರ್ ಕೈಗೇ ಬಂತು. ಅದರ ಕುತ್ತಿಗೆಯ, ಅಂದರೆ ಪೈಪಿಗೆ ಸಿಕ್ಕಿಸುವ ಬಾಯಿಯ ರಬ್ಬರ್ ಸುತ್ತಲೂ ಬಿರುಕು ಬಿಟ್ಟಿದೆ, ಬೇಸಿಗೆಯಲ್ಲಿ ಕೆರೆ ಅಂಗಳ ಬಿಟ್ಟ ಹಾಗೆ. ಒಂದು ನೆರಿಗೆಯಂತೂ ಕಿರುಬೆರಳು ತೂರುವಷ್ಟು ಹರಿದಿದೆ. ಎಷ್ಟು ತಿಂಗಳಿಂದ ಹೀಗಿತ್ತೋ ದೇವರೇ ಬಲ್ಲ.

ಗಾಡಿ 2008ರ ಸ್ವಿಫ್ಟ್, 1.3 ಪೆಟ್ರೋಲ್. ನಾನು ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಹಿಂದಿನ ಓನರ್ ಕಂಪನಿಯ ಏರ್ ಬಾಕ್ಸ್ (ಫಿಲ್ಟರ್ ಕೂರುವ ಪೆಟ್ಟಿಗೆ) ಕಿತ್ತುಹಾಕಿ ಅಲ್ಯುಮಿನಿಯಂ ಪೈಪು, ಅದರ ತುದಿಗೊಂದು ಪೆಟ್ಟಿಗೆಯಿಲ್ಲದೆ ತೆರೆದೇ ಕೂರುವ, ಶಂಕುವಿನಾಕಾರದ ಕೋನ್ ಫಿಲ್ಟರ್ ಹಾಕಿಸಿದ್ದ. ಆಕ್ಸಲರೇಟರ್ ಒತ್ತಿದರೆ ಗೊರ್ರ್ ಅನ್ನುವ ಸದ್ದು. ನಿಜ ಹೇಳಬೇಕೆಂದರೆ ನಾನು ಈ ಗಾಡಿ ಒಪ್ಪಿಕೊಂಡಿದ್ದೇ ಆ ಸದ್ದಿಗೆ.

ಫಿಲ್ಟರ್ ಇಲ್ಲದೆ ಓಡಿಸಿದರೆ ಏನಾಗುತ್ತೆ ಅಂತ ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಎಂಜಿನ್ 1298 ಸಿಸಿ. ಪ್ರತಿ ಎರಡು ಸುತ್ತು ತಿರುಗಿದಾಗ ಒಂದು ಸಲ ತನ್ನ ಪೂರ್ತಿ ಅಳತೆಯಷ್ಟು ಗಾಳಿ ಎಳೆಯುತ್ತದೆ. 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಪೆಡಲ್ ಪೂರ್ತಿ ಒತ್ತಿದರೆ ನಿಮಿಷಕ್ಕೆ ಹತ್ತಿರ ಹತ್ತಿರ 1950 ಲೀಟರ್. ಅಂದರೆ ಮನೆ ಮೇಲಿನ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಎರಡು, ಒಂದೇ ನಿಮಿಷದಲ್ಲಿ ಖಾಲಿ. ಆ ಗಾಳಿಯಲ್ಲಿರುವ ಮಣ್ಣೆಲ್ಲ ಸಿಲಿಂಡರ್ ಗೋಡೆಗೆ ಮರಳು ಕಾಗದ ತಿಕ್ಕಿದ ಹಾಗೆ.

ಯುಗಾದಿಗೆ ಊರಿಗೆ ಹೋಗಬೇಕು. ನಮ್ಮೂರು ಮಧುಗಿರಿ ಕಡೆ. ಟಾರ್ ರೋಡ್ ಬಿಟ್ಟ ಮೇಲೆ ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ. ಅಷ್ಟರೊಳಗೆ ಫಿಲ್ಟರ್ ಬೇಕು, ಎರಡು ಸಾವಿರ ರೂಪಾಯಿ ದಾಟಬಾರದು.

ಮಾರ್ಚ್ 8, ಶನಿವಾರ

ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗಗಳ ಅಂಗಡಿ ಸಾಲಿರುವ ಜೆಸಿ ರೋಡಿಗೆ ಹೋದೆ. ಮೊದಲ ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಗಾಡಿ ಯಾವ್ದು ಸಾರ್?" ಸ್ವಿಫ್ಟ್ ಅಂದ ತಕ್ಷಣ ಕಂಪನಿ ಏರ್ ಬಾಕ್ಸಿಗೆ ಕೂರುವ ಚಪ್ಪಟೆ ಪೇಪರ್ ಫಿಲ್ಟರ್ ಕೌಂಟರ್ ಮೇಲೆ ಬಂತು. ಮುನ್ನೂರರ ಒಳಗೆ. ಬಾಕ್ಸೇ ಇಲ್ಲ, ಕೋನ್ ಬೇಕು ಅಂದೆ. ಅವರು ನನ್ನ ಮುಖ ನೋಡಿದ ರೀತಿ ಇದೆಯಲ್ಲ, ಆಸ್ಪತ್ರೆಗೆ ಬಂದು ಕಷಾಯ ಕೇಳಿದವನನ್ನು ನೋಡಿದ ಹಾಗಿತ್ತು.

ಇಂಥ ಇನ್‌ಟೇಕ್‌ಗಳ (ಎಂಜಿನ್ನಿಗೆ ಗಾಳಿ ಎಳೆಯುವ ಪೈಪು, ಫಿಲ್ಟರ್ ಎರಡೂ ಸೇರಿ) ಕಷ್ಟವೇ ಇದು. ಕಂಪನಿ ಪಾರ್ಟಿಗೆ ಗಾಡಿ ಹೆಸರು ಹೇಳಿದರೆ ಸಾಕು. ಆಫ್ಟರ್ ಮಾರ್ಕೆಟ್ ಕಿಟ್, ಅಂದರೆ ಬೇರೆ ಕಂಪನಿಯವರು ಮಾಡಿದ್ದು, ಹಾಕಿದ ದಿನದಿಂದ ಗಾಡಿ ಹೆಸರಿಗೆ ಬೆಲೆ ಇಲ್ಲ, ಕಿಟ್ ಹೆಸರು ಬೇಕು. ನನ್ನ ಪೈಪಿನ ಮೇಲಿನ ಸ್ಟಿಕರ್ ಎಂದೋ ಸುಟ್ಟು ಹೋಗಿದೆ. ಹಿಂದಿನ ಓನರ್‌ಗೆ ಫೋನ್ ಮಾಡಿದರೆ "ಯಾವ್ದೋ ಒಳ್ಳೆ ಕಂಪನಿದೇ ಬ್ರೋ" ಅಂದ.

ನಾಲ್ಕನೇ ಅಂಗಡಿಯಲ್ಲಿ ಗೋಡೆ ತುಂಬಾ ಕೋನ್ ಫಿಲ್ಟರ್ ನೇತುಹಾಕಿದ್ದರು. ಕೆಂಪು, ನೀಲಿ, ನೇರಳೆ, ಜಾತ್ರೆ ಬಲೂನಿನ ಹಾಗೆ. "ಯೂನಿವರ್ಸಲ್ ಸಾರ್, ಎಲ್ಲಾ ಗಾಡಿಗೂ ಆಗುತ್ತೆ." 650 ರೂಪಾಯಿ. ತಂದೆ.

ಮಾರ್ಚ್ 9

ಎಲ್ಲಾ ಗಾಡಿಗೂ ಆಗುತ್ತೆ, ನನ್ನ ಗಾಡಿಗೆ ಆಗಲ್ಲ. ಫಿಲ್ಟರಿನ ಕುತ್ತಿಗೆ ದೊಡ್ಡದು, ಪೈಪಿನ ಮೇಲೆ ಬಳೆ ಥರ ಅಲ್ಲಾಡುತ್ತದೆ.

ಆಗ ಬುದ್ಧಿ ಬಂತು. ಅಳತೆ ತೆಗೆದುಕೊಂಡು ಹೋಗಬೇಕಿತ್ತು, ಅಲ್ವಾ? ವರ್ನಿಯರ್ ಇರಲಿಲ್ಲ. ಅಮ್ಮನ ಹೊಲಿಗೆ ಟೇಪನ್ನು ಪೈಪಿನ ಸುತ್ತ ಹಾಕಿದೆ. ಸರಿಯಾಗಿ 22 ಸೆಂಟಿಮೀಟರ್. 3.14ರಿಂದ ಭಾಗಿಸಿದರೆ 70 ಮಿಲಿಮೀಟರ್. ತಂದ ಫಿಲ್ಟರಿನ ಕುತ್ತಿಗೆ 76, ಅಂದರೆ ಮೂರು ಇಂಚು. ಅದರ ಪ್ಯಾಕೆಟ್ಟಿನಲ್ಲಿ ಎರಡು ರಬ್ಬರ್ ಬಳೆ ಇದ್ದವು, ಚಿಕ್ಕ ಪೈಪಿಗೆ ಒಳಗೆ ತೂರಿಸಿ ಹೊಂದಿಸಿಕೊಳ್ಳಲಿ ಅಂತ. ಎಲ್ಲಾ ಗಾಡಿಗೂ ಆಗುವ ಗುಟ್ಟು ಇದೇ.

ಒಂದು ಗೊಂದಲ ನನಗೂ ಇತ್ತು, ಬರೆದಿಡುತ್ತೇನೆ. ಫಿಲ್ಟರ್ ಮಾರುವವರು ಹೇಳುವುದು ಕುತ್ತಿಗೆಯ ಒಳಗಿನ ಅಳತೆ. ನಾವು ಅಳೆಯಬೇಕಾದ್ದು ಪೈಪಿನ ಹೊರಗಿನ ಅಳತೆ. ಎರಡೂ ಒಂದೇ ಇರಬೇಕು. ರಬ್ಬರ್ ಒಂದೆರಡು ಮಿಲಿಮೀಟರ್ ಹಿಗ್ಗುತ್ತದೆ, ಅದಕ್ಕಿಂತ ಜಾಸ್ತಿ ಅದರಿಂದ ಬಯಸಬಾರದು. ಹಳೇ ಫಿಲ್ಟರಿನ ರಬ್ಬರ್ ಅಳೆದರೆ ಮೋಸ ಹೋಗುತ್ತೀರಿ, ವರ್ಷಗಟ್ಟಲೆ ಬಿಸಿಗೆ ಅದು ಸೊಟ್ಟಗಾಗಿರುತ್ತದೆ.

ಕುತ್ತಿಗೆ ಬಿಟ್ಟರೆ ಫಿಲ್ಟರಿನ ಉದ್ದ, ಬುಡದ ಅಗಲ, ತಲೆಯ ಅಗಲ. ನನ್ನದರಲ್ಲಿ 150, 150, 120 ಮಿಲಿಮೀಟರ್. ಬ್ಯಾಟರಿಗೂ ಫಿಲ್ಟರಿಗೂ ನಡುವೆ ಎರಡು ಬೆರಳು ಜಾಗ, ಅದಕ್ಕಿಂತ ದಪ್ಪದ್ದು ಕೂರಲ್ಲ.

ಮಾರ್ಚ್ 16

ವಾರವೆಲ್ಲ ರಾತ್ರಿ ಫೋನ್ ಹಿಡಿದು ಹುಡುಕಿದೆ. ಕಿಟ್ ಹೆಸರಿನಲ್ಲಿ ಹುಡುಕುವುದನ್ನು ಬಿಟ್ಟು ಬರೀ ಅಳತೆಯಲ್ಲಿ ಹುಡುಕಿದಾಗ ದಾರಿ ತೆರೆಯಿತು. ದೊಡ್ಡ ಕಂಪನಿಗಳು ಕಿಟ್ಟಿನ ಜೊತೆ ಕೊಡುವ ಫಿಲ್ಟರನ್ನೇ ಹೋಲುವ ಬಿಡಿ ಕೋನ್‌ಗಳನ್ನೂ ಮಾರುತ್ತವೆ. ಕುತ್ತಿಗೆ, ಉದ್ದ, ಬುಡ, ತಲೆ ಎಲ್ಲಾ ಪಟ್ಟಿಯಲ್ಲೇ ಇರುತ್ತದೆ. ಕೆ ಅಂಡ್ ಎನ್‌ನಲ್ಲಿ ಇಂಥವಕ್ಕೆ ಆರ್‌ಯು ಅಂತ ಶುರುವಾಗುವ ನಂಬರ್‌ಗಳಿವೆ. (ಆ ಹೆಸರು 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಶುರು ಮಾಡಿದ ಕೆನ್ ಮತ್ತು ನಾರ್ಮ್ ಅನ್ನುವ ಇಬ್ಬರದ್ದು. ನಾನು ಇಷ್ಟು ದಿನ ಅದೇನೋ ಟೆಕ್ನಿಕಲ್ ಪದ ಅಂದುಕೊಂಡಿದ್ದೆ.) 70ರ ಕುತ್ತಿಗೆಯದು ಸಿಕ್ಕಿತು. ಹೊಸದರ ಬೆಲೆ ನನ್ನ ಬಜೆಟ್ಟಿನ ಎರಡೂವರೆ ಪಟ್ಟು.

ಒಣ ಸಿಂಥೆಟಿಕ್ ಬಟ್ಟೆಯ ಕೋನ್‌ಗಳೂ ಇವೆ, ಕಾಟನ್ ಕೋನ್‌ಗಳ ಹಾಗೆ ಎಣ್ಣೆ ಹಚ್ಚುವ ರಗಳೆ ಇಲ್ಲ. ಮಾಸ್ ಏರ್ ಫ್ಲೋ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿ ಎಷ್ಟು ಅಂತ ಅಳೆಯುವಂಥದ್ದು) ಇರುವ ಗಾಡಿಯವರಿಗೆ ಅದೇ ವಾಸಿ. ಕಾಟನ್ ಫಿಲ್ಟರಿಗೆ ಎಣ್ಣೆ ಜಾಸ್ತಿ ಸುರಿದರೆ ಆ ಸೆನ್ಸರಿನ ಬಿಸಿ ತಂತಿಗೆ ಮೆತ್ತಿಕೊಂಡು ಲೆಕ್ಕ ತಪ್ಪುತ್ತದೆ. ನನ್ನ ಗಾಡಿಯಲ್ಲಿರುವುದು ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್, ಆ ತಲೆನೋವಿಲ್ಲ. ಆದರೆ ಒಣ ಕೋನ್ ಇನ್ನೂ ದುಬಾರಿ. ಸ್ಪಂಜಿನಂಥ ಫೋಮ್ ಫಿಲ್ಟರ್ ನೋಡಲೇ ಇಲ್ಲ.

ಮಾರ್ಚ್ 29

ನಾಳೆ ಯುಗಾದಿ. ಬೇರೇನೂ ಸಿಕ್ಕಿಲ್ಲ. 650ರ ಫಿಲ್ಟರನ್ನೇ ಬಳೆ ತೂರಿಸಿ, ಹೋಸ್ ಕ್ಲಿಪ್ ಬಿಗಿದು ಹಾಕಿದ್ದೇನೆ. ಮೆಕ್ಯಾನಿಕ್ ಅಣ್ಣ ಒಂದು ಉಪಾಯ ಹೇಳಿಕೊಟ್ಟರು. ಫಿಲ್ಟರ್ ದಾಟಿದ ಮೇಲೆ ಪೈಪಿನ ಒಳಗೋಡೆಗೆ ಬಿಳಿ ಗ್ರೀಸನ್ನು ತೆಳ್ಳಗೆ, ಬೆರಳಲ್ಲಿ ಸವರಿದ ಹಾಗೆ ಹಚ್ಚು. ಧೂಳು ಒಳಗೆ ಬರುತ್ತಿದ್ದರೆ ಅಲ್ಲಿ ಅಂಟಿಕೊಳ್ಳುತ್ತದೆ. ಫಿಲ್ಟರ್ ಚೆನ್ನಾಗಿದ್ದರೆ ಗ್ರೀಸ್ ಹಚ್ಚಿದ ಹಾಗೇ ಇರುತ್ತದೆ.

ಏಪ್ರಿಲ್ 1, ಮಂಗಳವಾರ

ಹೊಸತೊಡಕು ಮುಗಿಸಿ ನಿನ್ನೆ ರಾತ್ರಿ ಬಂದೆವು. ಮಣ್ಣಿನ ದಾರಿಯಲ್ಲಿ ಭಾವನ ಟ್ರ್ಯಾಕ್ಟರ್ ಹಿಂದೆಯೇ ಹೋಗಬೇಕಾಯಿತು, ಗ್ಲಾಸೆಲ್ಲ ಕೆಂಪು.

ಬೆಳಿಗ್ಗೆ ಕ್ಲಿಪ್ ಸಡಿಲಿಸಿ ಫಿಲ್ಟರ್ ತೆಗೆದೆ. ಪೈಪಿನೊಳಗೆ ಟಾರ್ಚ್ ಬಿಟ್ಟರೆ ಬಿಳಿ ಗ್ರೀಸು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ಒಂದೇ ಸಮ ಅಲ್ಲ. ಕೆಳಭಾಗದಲ್ಲಿ, ಎರಡು ಬಳೆಗಳ ಸೀಳು ಒಂದರ ಮೇಲೊಂದು ಬಂದ ಕಡೆ ಒಂದು ಗಾಢವಾದ ಗೆರೆ, ಇರುವೆ ಸಾಲು ಹೋದ ಹಾಗೆ. ಉಳಿದ ಕಡೆ ತೆಳುವಾದ ಹುಡಿ. ಬೆರಳಲ್ಲಿ ಸವರಿ ಹೆಬ್ಬೆರಳಿಗೆ ತಿಕ್ಕಿದೆ. ಕರಕರ ಅಂತು. ನಮ್ಮ ಹೊಲದ ಮಣ್ಣು. ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

ಆ ಗೆರೆ ಬಳೆ ಕೂರಿಸಿದವನ ತಪ್ಪು, ಅಂದರೆ ನನ್ನದು. ಆದರೆ ಉಳಿದ ಕಡೆಯ ಹುಡಿ? ಅದು ಫಿಲ್ಟರಿನ ಮೂಲಕವೇ ಬಂದದ್ದು.

ಏಪ್ರಿಲ್ 5

ಇವತ್ತು 650 ರೂಪಾಯಿಯ ಪೋಸ್ಟ್‌ಮಾರ್ಟಂ. ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಕೊಯ್ದೆ. ಹೊರಗೆ ಒಂದು ಜಾಲರಿ, ಒಳಗೆ ಒಂದು ಜಾಲರಿ, ನಡುವೆ ಒಂದೇ ಒಂದು ಪದರ ಬಟ್ಟೆ. ಬೆಳಕಿಗೆ ಹಿಡಿದರೆ ಅಮ್ಮ ಪನೀರ್ ಸೋಸುವ ಬಟ್ಟೆ ಇದಕ್ಕಿಂತ ದಟ್ಟ. ಹಳೇ ಫಿಲ್ಟರನ್ನೂ ಕೊಯ್ದು ಪಕ್ಕದಲ್ಲಿಟ್ಟೆ. ಅದರಲ್ಲಿ ಕಾಟನ್ ಬಟ್ಟೆ ನಾಲ್ಕು ಪದರ, ಪ್ರತಿ ಪದರಕ್ಕೂ ಎಣ್ಣೆ ಕುಡಿದ ಕೆಂಪು. ನೆರಿಗೆ ಎಣಿಸಲು ಅಮ್ಮನೇ ಬಂದು ಕೂತರು. ಹಳೆಯದರಲ್ಲಿ 52, ಹೊಸದರಲ್ಲಿ 34. "ಎರಡು ಗಜ ಬಟ್ಟೆ ಉಳಿಸಿದ್ದಾನೆ ನೋಡು" ಅಂದರು.

ನೆರಿಗೆ ಕಡಿಮೆ ಅಂದರೆ ಧೂಳು ಹಿಡಿಯುವ ಜಾಗ ಕಡಿಮೆ. ಪ್ಯಾಕೆಟ್ ಮೇಲೆ ಮಾತ್ರ ಹೈ ಫ್ಲೋ ಅಂತ ದಪ್ಪ ಅಕ್ಷರ. ಹೌದಪ್ಪ, ತೂತಿನ ಜರಡಿಯೂ ಹೈ ಫ್ಲೋನೇ. ಏರ್ ಫಿಲ್ಟರ್ ಪರೀಕ್ಷೆಗೆ ಐಎಸ್ಒ 5011 ಅಂತ ಒಂದು ವಿಧಾನವೇ ಇದೆ. ಅಳೆದ ಧೂಳನ್ನು ಗಾಳಿಯ ಜೊತೆ ಬಿಟ್ಟು, ಎಷ್ಟು ಹಿಡಿಯಿತು, ಎಷ್ಟು ದಾಟಿ ಹೋಯಿತು, ಗಾಳಿಗೆ ಎಷ್ಟು ತಡೆಯಾಯಿತು ಅಂತ ಮೂರನ್ನೂ ನೋಡುತ್ತಾರೆ. ಗಾಳಿ ಹರಿವಿನ ಮಾತು ಮಾತ್ರ ಆಡಿ ಧೂಳಿನ ಮಾತು ಎತ್ತದ ಫಿಲ್ಟರನ್ನು ಇನ್ನು ಮುಂದೆ ಮುಟ್ಟಲ್ಲ.

ಏಪ್ರಿಲ್ 12

ಶಿವಾಜಿನಗರ ಗುಜರಿಗೆ ಹೋಗಿದ್ದೆ. ಹಳೇ ಸ್ವಿಫ್ಟಿನ ಕಂಪನಿ ಏರ್ ಬಾಕ್ಸ್ ಇದೆಯಾ ಅಂತ. ಒಂದಿತ್ತು, ಎರಡು ಕ್ಲಿಪ್ ಮುರಿದಿದ್ದವು, ಗಾಡಿಗೆ ಬಿಗಿಯುವ ಕೆಳಗಿನ ಕಿವಿ ಇರಲಿಲ್ಲ, 2000 ಹೇಳಿದರು. ಬೇಡ ಅಂದೆ. ಚೆನ್ನಾಗಿರೋದು ಬಂದರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಂದೆ.

ಏಪ್ರಿಲ್ 19

ಸಿಕ್ಕಿತು! ಕೆಂಗೇರಿಯಲ್ಲಿ ಒಬ್ಬರು ಗಾಡಿ ಮಾರುವ ಮುಂಚೆ ಇನ್‌ಟೇಕ್ ತೆಗೆದು ಕಂಪನಿ ಬಾಕ್ಸ್ ವಾಪಸ್ ಹಾಕಿಸಿದ್ದರು. ಪೈಪು ಬೇಡ, ಫಿಲ್ಟರ್ ಮಾತ್ರ ಕೊಡಿ ಅಂದೆ. ಕೆ ಅಂಡ್ ಎನ್, ಕುತ್ತಿಗೆ 70. ಈ ಸಲ ಟೇಪ್ ಜೇಬಿನಲ್ಲೇ ಇತ್ತು. 1800 ಹೇಳಿದರು, 1500ಕ್ಕೆ ಬಂತು.

ಸೆಕೆಂಡ್ ಹ್ಯಾಂಡ್ ಏರ್ ಫಿಲ್ಟರ್ ಅಂದರೆ ಸೆಕೆಂಡ್ ಹ್ಯಾಂಡ್ ಬನಿಯನ್ ಅಂದ ಹಾಗೆ ಕೇಳಿಸುತ್ತದೆ, ಗೊತ್ತು. ಪೇಪರಿನದಾದರೆ ನಾನೂ ಮುಟ್ಟುತ್ತಿರಲಿಲ್ಲ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಇರುವುದೇ ತೊಳೆದು ಮತ್ತೆ ಬಳಸಲಿಕ್ಕೆ. ನೋಡಬೇಕಾದ್ದು ಇಷ್ಟು: ಕುತ್ತಿಗೆ ರಬ್ಬರ್ ಹಿಂಡಿದರೆ ಮೆತ್ತಗಿರಬೇಕು, ಬಿರುಕು ಇರಬಾರದು. ಜಾಲರಿ ಎಲ್ಲೂ ಒಳಕ್ಕೆ ತಗ್ಗಿರಬಾರದು. ನೆರಿಗೆ ರಬ್ಬರಿಗೆ ಸೇರುವ ಅಂಚಿನಲ್ಲಿ ಉಗುರು ಆಡಿಸಿ, ಎಲ್ಲೂ ಬಿಟ್ಟುಕೊಂಡಿರಬಾರದು.

ಏಪ್ರಿಲ್ 20

ತೊಳೆಯುವ ಕಿಟ್ ಸಾವಿರದ ಮೇಲಾಯಿತು. ಆಫೀಸಿನ ಗೆಳೆಯನೊಬ್ಬನ ಬೈಕಿಗೂ ಅಂಥದೇ ಫಿಲ್ಟರ್ ಇದೆ, ಅರ್ಧ ದುಡ್ಡು ಅವನು ಹಾಕಿದ.

ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಒಳಗಿನಿಂದ ಹೊರಕ್ಕೆ ನೀರು, ನಲ್ಲಿಯನ್ನು ಸಣ್ಣಗೆ ಬಿಟ್ಟು. ಹೊರಗಿನಿಂದ ಬಿಟ್ಟರೆ ಮಣ್ಣು ಇನ್ನೂ ಒಳಕ್ಕೆ ಇಳಿಯುತ್ತದೆ. ಮೊದಲ ಬಕೆಟ್ ನೀರು ಕಾಫಿ ಡಿಕಾಕ್ಷನ್ ಥರ ಇತ್ತು, ಮೂರನೆಯದು ತಿಳಿಯಾಯಿತು. ಒಣಗಿಸಲು ನೆರಳೇ ಸರಿ. ಪೆಟ್ರೋಲ್ ಬಂಕಿನ ಗಾಳಿ ಪೈಪು ಹಿಡಿದರೆ ಬಟ್ಟೆ ಹರಿಯುತ್ತದೆ. ಒಣಗಿದ ಮೇಲೆ ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಚುಕ್ಕೆ ಬೆಳಕು ಕಂಡು ಹೆದರಿದೆ. ಆದರೆ ಅದು ಸಹಜ. ಎಣ್ಣೆ ಇಲ್ಲದೆ ಕಾಟನ್ ಬರೀ ಜಾಲರಿ, ಧೂಳು ಹಿಡಿಯುವುದು ಅಂಟಂಟಾದ ಎಣ್ಣೆ.

ಸಂಜೆ ಪ್ರತಿ ನೆರಿಗೆಯ ತಲೆ ಮೇಲೆ ಒಂದೊಂದೇ ಗೆರೆ ಎಣ್ಣೆ ಎಳೆದೆ. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಬಿಳಿ ಉಳಿದ ಕಡೆ ಇನ್ನೊಂದು ಹನಿ. ಎಂಜಿನ್ ಆಯಿಲ್ ಹಚ್ಚಿದರೆ ಆಗಲ್ವಾ ಅಂತ ಗೆಳೆಯ ಕೇಳಿದ. ಆಗಲ್ಲ, ಅದು ಬಟ್ಟೆಯಲ್ಲಿ ನಿಲ್ಲದೆ ಗಾಳಿಯ ಜೊತೆ ಒಳಗೆ ಹೋಗುತ್ತದೆ. ಫೋಮಿನ ಎಣ್ಣೆಯೂ ಇದಕ್ಕಲ್ಲ, ತುಂಬಾ ಮಂದ.

ಕ್ಲಿಪ್ ಬಿಗಿದೆ. ಬಳೆ ಗಿಳೆ ಏನೂ ಇಲ್ಲ. ಸುಮ್ನೆ ತಿರುಗಿಸಿದರೆ ಅಲುಗಲಿಲ್ಲ.

ಏಪ್ರಿಲ್ 26

ಒಂದು ಕುತೂಹಲಕ್ಕೆ ಎಸ್‌ಪಿ ರೋಡಿನಿಂದ ವೈರ್ ಇರುವ ಸಣ್ಣ ಥರ್ಮಾಮೀಟರ್ ತಂದೆ, ಮೀನಿನ ತೊಟ್ಟಿಗೆ ಹಾಕುವಂಥದ್ದು. ತುದಿಯನ್ನು ಫಿಲ್ಟರ್ ಪಕ್ಕ ಕಟ್ಟಿ, ಡಿಸ್‌ಪ್ಲೇ ಡ್ಯಾಶ್‌ಬೋರ್ಡಿಗೆ ಎಳೆದುಕೊಂಡೆ. ಹೊರಗೆ 33 ಡಿಗ್ರಿ. ಓಡುತ್ತಿದ್ದಾಗ 41. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತಾಗ 63. ಆ ಬಿಸಿಯಲ್ಲಿ ಗಾಳಿ ಹೊರಗಿನದಕ್ಕಿಂತ ಹತ್ತಿರ ಹತ್ತಿರ ಶೇಕಡಾ 9ರಷ್ಟು ತೆಳುವಾಗಿರುತ್ತದೆ. ಕಂಪನಿ ಬಾಕ್ಸಿನ ಮೂತಿ ಮುಂದಿನಿಂದ ತಣ್ಣನೆ ಗಾಳಿ ಎಳೆಯುತ್ತದೆ. ನನ್ನ ಕೋನ್ ಎಂಜಿನ್ ಪಕ್ಕದಲ್ಲೇ ಕೂತು ಅದರದೇ ಬಿಸಿ ಉಸಿರು ಕುಡಿಯುತ್ತಿದೆ. ಸದ್ದು ಮಾತ್ರ ಭರ್ಜರಿ.

ಅಲ್ಯುಮಿನಿಯಂ ಶೀಟ್ ಬಗ್ಗಿಸಿ ಒಂದು ಗೋಡೆ ಮಾಡಿ ಕಟ್ಟಿದೆ. 63 ಇದ್ದದ್ದು 56ಕ್ಕೆ ಬಂತು. ಅಷ್ಟೇ.

ಮೇ 11, ಭಾನುವಾರ

ನಿನ್ನೆ ಊರಿಗೆ ಹೋಗಿ ಇವತ್ತು ಬಂದೆ. ಅದೇ ಮಣ್ಣಿನ ದಾರಿ, ಹೋಗುವ ಮುಂಚೆ ಅದೇ ಬಿಳಿ ಗ್ರೀಸ್. ಸಂಜೆ ಕ್ಲಿಪ್ ಬಿಚ್ಚಿ ಬೆರಳು ಹಾಕಿದೆ. ನುಣ್ಣಗೆ ಬಂತು, ಬಿಳಿಯಾಗೇ ಇತ್ತು. ಹೆಬ್ಬೆರಳಿಗೆ ತಿಕ್ಕಿ ಕಿವಿ ಹತ್ತಿರ ಹಿಡಿದೆ, ಕರಕರ ಇಲ್ಲ. ಫಿಲ್ಟರಿನ ಹೊರಮೈ ಮಾತ್ರ ಕೆಂಪು ಮಣ್ಣಿನ ಕಂಬಳಿ ಹೊದ್ದಿತ್ತು.

ಖರ್ಚು: ಫಿಲ್ಟರ್ 1500, ಕಿಟ್ಟಿನ ನನ್ನ ಪಾಲು 600, ಕೊಯ್ದು ಎಸೆದದ್ದು 650. ಬಜೆಟ್ ದಾಟಿತು. ಥರ್ಮಾಮೀಟರ್ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಕೈ ತೊಳೆಯುತ್ತಿರುವಾಗ ಗುಜರಿಯಿಂದ ಫೋನ್. "ಸಾರ್, ಬಾಕ್ಸ್ ಬಂದಿದೆ. ನಾಲ್ಕೂ ಕ್ಲಿಪ್ ಇದೆ, ಕಿವಿ ಇದೆ. ಸಾವಿರದ ಇನ್ನೂರು ಕೊಡಿ." ಕೋನ್ ಕಡೆ ನೋಡಿದೆ. ಆಮೇಲೆ 63 ಡಿಗ್ರಿ ನೆನಪಾಯಿತು. ಶನಿವಾರದ ತನಕ ಇಟ್ಟಿರಿ ಅಂದಿದ್ದೇನೆ.