‘ಲೆನ್ಸಿಗೆ ಫಂಗಸ್ ಹಿಡಿದಿದೆಯಾ?’ ಅಂತ ಕೇಳುವವರಿಗೆ

ನನ್ನ ಹಳೇ ನಿಕಾನ್ 35 ಎಂಎಂ ಎಫ್/1.4 ಮ್ಯಾನುಯಲ್ ಲೆನ್ಸಿನಲ್ಲಿ ತೆಗೆದ ಫೋಟೊ ನೋಡಿದವರದ್ದೆಲ್ಲ ಒಂದೇ ಪ್ರಶ್ನೆ: ‘ಇದೇನ್ರೀ, ಮಂಜು ಮುಸುಕಿದ ಹಾಗಿದೆ? ಒಳಗೆ ಫಂಗಸ್ ಹಿಡಿದಿದೆಯಾ?’

ಇಲ್ಲ. ಟಾರ್ಚ್ ಬಿಟ್ಟು ನೋಡಿದ್ದೇನೆ. ಅದಕ್ಕಿಂತ ಸುಲಭದ ಪರೀಕ್ಷೆಯೂ ಇದೆ. ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ರಿಂಗನ್ನು 1.4ರಿಂದ 2.8ಕ್ಕೆ ತಿರುಗಿಸಿ (ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಮಂಜು ಮಾಯವಾದರೆ ಅದು ಲೆನ್ಸಿನ ಹುಟ್ಟುಗುಣ. ಎಷ್ಟು ತಿರುಗಿಸಿದರೂ ಉಳಿದರೆ ಗಾಜಿನ ಮೇಲೆ ಏನೋ ಕೂತಿದೆ ಅಂತಲೇ ಲೆಕ್ಕ.

ಈ ಲೆನ್ಸ್ ಮೊದಲು ಬಂದದ್ದು 1971ರಲ್ಲಿ. ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ, ಲೆನ್ಸಿಗೆ ಕಂಡದ್ದನ್ನೇ ನಮ್ಮ ಕಣ್ಣಿಗೂ ತೋರಿಸುವ ಕನ್ನಡಿ ಎದ್ದು ಬೀಳಲು ಜಾಗ ಬೇಕಲ್ಲ, ಹಾಗಾಗಿ ನಿಕಾನ್‌ನಲ್ಲಿ ಲೆನ್ಸ್ ಕೂರುವ ಮೌಂಟಿನಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ಅಷ್ಟು ದೂರ ನಿಂತು, ಬೆಳಕನ್ನು 35 ಎಂಎಂ ದೂರದಲ್ಲೇ ಸೇರಿಸುವ ಲೆನ್ಸಿನ ಕೆಲಸ ಮಾಡಬೇಕೆಂದರೆ ಮುಂದೆ ಬೆಳಕನ್ನು ಹರಡುವ ಗಾಜು, ಹಿಂದೆ ಅದನ್ನು ಕೂಡಿಸುವ ಗಾಜು, ಒಟ್ಟು 9. ಎಲ್ಲದರ ಮೈಯೂ ಚೆಂಡಿನ ಚೂರಿನ ಹಾಗೆ. ಅಂಥ ಗಾಜಿನ ಅಂಚಿನಿಂದ ಬಂದ ಬೆಳಕೂ ನಡುವಿನಿಂದ ಬಂದ ಬೆಳಕೂ ಕರಾರುವಾಕ್ಕಾಗಿ ಒಂದೇ ಕಡೆ ಸೇರುವುದಿಲ್ಲ. ಅದಕ್ಕೇ ಕೆಳಗೆ ಚಿತ್ರ ಚೂಪಾಗಿದ್ದರೂ ಮೇಲೊಂದು ಮಲ್ ಬಟ್ಟೆ ಹೊದಿಸಿದಂತೆ ಕಾಣುವುದು. ರಿಂಗ್ ತಿರುಗಿಸುವುದೆಂದರೆ ಅಂಚಿನ ಬೆಳಕಿಗೆ ಬಾಗಿಲು ಹಾಕುವುದು, ಅಷ್ಟೇ.

(ಈ ಲೆನ್ಸಿನ ಮೊದಮೊದಲ ತಯಾರಿಕೆಯಲ್ಲಿ ಥೋರಿಯಂ ಎಂಬ ವಿಕಿರಣಶೀಲ ಧಾತು ಬೆರೆತ ಗಾಜಿತ್ತು, ವರ್ಷಗಳು ಕಳೆದಂತೆ ಟೀ ಬಣ್ಣಕ್ಕೆ ತಿರುಗುತ್ತದೆ. ಹಪ್ಪಳದ ಹಾಗೆ ಕೆಲವು ದಿನ ಬಿಸಿಲಿಗಿಟ್ಟರೆ ತಿಳಿಯಾಗುತ್ತದೆ! ನನ್ನದು ಆಮೇಲಿನದು.)

ಒಂದು ಸಲ ಕಡಲೆಕಾಯಿ ಪರಿಷೆಯಲ್ಲಿ, ಬುಲ್ ಟೆಂಪಲ್ ರಸ್ತೆಯಲ್ಲಿ, ಸೇರಿನಲ್ಲಿ ಕಾಯಿ ಅಳೆಯುತ್ತಿದ್ದ ಅಜ್ಜಿಯೊಬ್ಬರ ಫೋಟೊ ತೆಗೆದೆ. ಪೂರಾ 1.4. ತಲೆಯ ಮೇಲಿನ ಬಲ್ಬಿಗೆ ಪ್ರಭಾವಳಿ ಬಂದಿದೆ. ಮುಖದ ಸುಕ್ಕುಗಳನ್ನು ಎಣಿಸಬಹುದು, ಆದರೆ ಕಣ್ಣಿಗೆ ಚುಚ್ಚುವುದಿಲ್ಲ. ನನಗೆ ಬೇಕಾದ್ದು ಇದೇ. ಆದರೆ ಮೂಲೆಗಳಲ್ಲಿ ಸೀರಿಯಲ್ ಸೆಟ್ಟಿನ ಒಂದೊಂದು ದೀಪವೂ ರೆಕ್ಕೆ ಬಿಚ್ಚಿದ ಹಕ್ಕಿಯಾಗಿ ಕೂತಿತ್ತು. ಇದಕ್ಕೆ ಕೋಮಾ ಅನ್ನುತ್ತಾರೆ, ಓರೆಯಾಗಿ ಬಂದ ಬೆಳಕಿನ ಕಿತಾಪತಿ. ಇದನ್ನೂ ‘ಕ್ಯಾರೆಕ್ಟರ್’ ಅಂತ ಕರೆದು ರೇಟು ಏರಿಸುವವರಿದ್ದಾರೆ. ನನಗಂತೂ ಅದು ದೋಷವೇ. ನಕ್ಷತ್ರಗಳ ಫೋಟೊ ತೆಗೆಯುವವರು ಇದರ ಸಹವಾಸಕ್ಕೆ ಬರಬೇಡಿ. ಗ್ರೂಪ್ ಫೋಟೊಗೆ ಕರೆದರೆ ನಾನೂ ಸುಮ್ಮನೆ 5.6ಕ್ಕೆ ಇಟ್ಟುಬಿಡುತ್ತೇನೆ.

ಅಜ್ಜಿಯ ಫೋಟೊವನ್ನು ಮೂಲೆಯ ಹಕ್ಕಿಗಳನ್ನೆಲ್ಲ ಕ್ರಾಪ್ ಮಾಡಿಯೇ ಪ್ರಿಂಟ್ ಹಾಕಿಸಿದೆ.