ಒಂದು ಬಕೆಟ್ ನೀರು

ಇವತ್ತು ಮನೆಗೆ ಬೆಲೆ ಕಟ್ಟಲು ಒಬ್ಬರು ಬಂದಿದ್ದರು.

ನಾನು ಸೀದಾ ಹಿತ್ತಿಲಿಗೆ ಕರೆದುಕೊಂಡು ಹೋದೆ. ಕಲ್ಲುಹಾಸು, ಮರದ ಚಪ್ಪರ, ಕೂರಲು ಕಟ್ಟೆ, ಗಿಡಗಳ ನಡುವೆ ಸಣ್ಣ ದೀಪಗಳು. ಎರಡು ವರ್ಷದ ಉಳಿತಾಯವೆಲ್ಲ ಅಲ್ಲೇ ಇದೆ. ಮೆಚ್ಚಿಕೊಳ್ಳುತ್ತಾರೆ ಅಂತ ಕಾದೆ.

ಅವರು ಗಿಡಕ್ಕೆಂದು ಇಟ್ಟಿದ್ದ ಬಕೆಟ್ ನೀರನ್ನು ನೆಲಕ್ಕೆ ಸುರಿದರು. ಸುಮ್ನೆ ನಿಂತು ನೋಡಿದರು.

ನೀರು ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ಆಮೇಲೆ ನಿಧಾನವಾಗಿ ಮನೆ ಗೋಡೆಯ ಕಡೆಗೇ ಹೊರಟಿತು. ಪಾಯದ ಹತ್ತಿರ ಹೋಗಿ ಇಂಗಿತು.

"ಮೀಟರಿಗೆ 2 ಸೆಂಟಿಮೀಟರ್ ಇಳಿಜಾರು ಬೇಕಿತ್ತು. ಗೋಡೆಯಿಂದ ಆಚೆ ಕಡೆಗೆ" ಅಂದರು. ಚಪ್ಪರ ಚೆನ್ನಾಗಿದೆ ಅಂತಲೂ ಹೇಳಿದರು, ಪಾಪ. ಆದರೆ ಕೊಳ್ಳುವವರು ನೆರಳು ನೋಡಿ ಖುಷಿಪಟ್ಟರೂ, ಗೋಡೆಯಲ್ಲಿ ತೇವ ಕಂಡರೆ ಚೌಕಾಸಿ ಶುರು ಮಾಡುತ್ತಾರಂತೆ. ಹಾಕಿದ ದುಡ್ಡೆಲ್ಲ ವಾಪಸ್ ಬರುತ್ತದೆ ಅನ್ನೋ ಭರವಸೆಯೂ ಇಲ್ಲವಂತೆ.

ದೀಪದ ಬಣ್ಣ ಆರಿಸಲು ನನಗೆ ಒಂದು ವಾರ ಹಿಡಿದಿತ್ತು. ನೀರು ಎಲ್ಲಿಗೆ ಹೋಗುತ್ತದೆ ಅಂತ ಒಂದು ಸಲವೂ ಕೇಳಿರಲಿಲ್ಲ. ಕಣ್ಣಿಗೆ ಕಾಣುವುದಕ್ಕೇ ಅಲ್ವಾ ನಾವು ಜಾಸ್ತಿ ದುಡ್ಡು ಸುರಿಯುವುದು?

ಈಗ ಅದೇ ಕಟ್ಟೆ ಮೇಲೆ ಕೂತಿದ್ದೇನೆ. ಗೋಡೆ ಪಕ್ಕದ ಕಲ್ಲುಗಳನ್ನು ಕಿತ್ತು ಮತ್ತೆ ಹಾಸಬೇಕು. ದೀಪಗಳು ಮಾತ್ರ ಚೆನ್ನಾಗಿ ಕಾಣುತ್ತಿವೆ.