ಅಜ್ಜಿ ಚೆಲ್ಲಿದ ಬಿಸಿ

"ಅಪ್ಪಾ, ಅಜ್ಜಿ ಬಿಸಿ ಎಲ್ಲಾ ಚೆಲ್ಲಿಬಿಟ್ರು!"

ಮಗಳು ಬಚ್ಚಲಿನಿಂದ ಓಡಿ ಬಂದು ಹೀಗೆ ದೂರು ಕೊಟ್ಟಳು. ಬೆಂಗಳೂರಿನಿಂದ ಅಮ್ಮ ಬಂದಿದ್ದಾರೆ. ಇಲ್ಲಿ, ಟೋಕಿಯೊ ಪಕ್ಕದ ಸೈತಾಮಾದಲ್ಲಿ, ತೊಟ್ಟಿಗೆ ಮೊದಲು ಇಳಿಯುವ ಮರ್ಯಾದೆ ಅತಿಥಿಗೆ. ಹಾಗಾಗಿ ಅಮ್ಮನೇ ಮೊದಲು ಇಳಿದರು. ಎದ್ದು ಬರುವಾಗ ತೊಟ್ಟಿಯ ಬಿರಡೆ ಕಿತ್ತರು. ಸುಮಾರು 200 ಲೀಟರ್ ಬಿಸಿನೀರು ಗೊಳಗೊಳ ಅಂತ ಹೋಯಿತು.

"ನಾನು ಇಳಿದ ನೀರಿಗೆ ನೀವೆಲ್ಲ ಇಳಿಯೋದಾ? ಛೀ, ಮೈಲಿಗೆ ಅಲ್ವೇನೋ!"

ಇಲ್ಲಿ ಸೋಪು ಹಚ್ಚಿ ತೊಳೆದುಕೊಳ್ಳುವುದೆಲ್ಲ ತೊಟ್ಟಿಯ ಹೊರಗೆ. ಆಮೇಲೆ ಕುತ್ತಿಗೆವರೆಗೂ ಮುಳುಗಿ ಕೂರುವುದು, ಒಬ್ಬರಾದ ಮೇಲೆ ಒಬ್ಬರು, ಅದೇ ನೀರಿನಲ್ಲಿ. ನಡುವೆ ಬಿಸಿ ಆರದಂತೆ ಮುಚ್ಚಳ. ಮರುದಿನ ವಾಷಿಂಗ್ ಮೆಷಿನ್‌ನ ಪೈಪನ್ನು ತೊಟ್ಟಿಗೆ ಇಳಿಬಿಟ್ಟರೆ ಅದೇ ನೀರು ಬಟ್ಟೆಗೆ. ಜಾಲಿಸುವುದಕ್ಕೆ ಮಾತ್ರ ಹೊಸ ನೀರು. ಮಗಳು ಹುಟ್ಟಿದಾಗಿನಿಂದ ನೋಡಿರುವುದು ಇದನ್ನೇ.

ಆದರೆ ಅವಳು ನೀರು ಚೆಲ್ಲಿದರು ಅನ್ನಲಿಲ್ಲ, ಬಿಸಿ ಚೆಲ್ಲಿದರು ಅಂದಳು. ರಾತ್ರಿ ಸುಮ್ನೆ ಲೆಕ್ಕ ಹಾಕಿದೆ. 200 ಲೀಟರ್ ನೀರನ್ನು 15 ಡಿಗ್ರಿಯಿಂದ 40ಕ್ಕೆ ಏರಿಸಲು, ಕರೆಂಟ್ ಲೆಕ್ಕದಲ್ಲಿ, ಹೆಚ್ಚುಕಡಿಮೆ 6 ಯೂನಿಟ್ ಬೇಕು. ಅಷ್ಟರಲ್ಲಿ 10 ವ್ಯಾಟ್‌ನ ಎಲ್‌ಇಡಿ ಬಲ್ಬು 600 ಗಂಟೆ ಉರಿಯುತ್ತದೆ! ನನ್ನ ಬಾಲ್ಯವಿಡೀ "ಲೈಟ್ ಆರಿಸೋ, ಫ್ಯಾನ್ ಆರಿಸೋ" ಅಂತ ಬೆನ್ನು ಹತ್ತಿದವರು ಇದೇ ಅಮ್ಮ.

ಜಪಾನಿನವರು ಎಲ್ಲದರಲ್ಲೂ ಜಾಣರು ಅಂತಲ್ಲ. ಹಳೆಯ ಮನೆಗಳ ಕಿಟಕಿಗೆ ಒಂದೇ ಪದರದ ಗಾಜು, ಅಲ್ಯೂಮಿನಿಯಂ ಚೌಕಟ್ಟು. ಚಳಿಗಾಲದಲ್ಲಿ ಹೀಟರ್ ಹಾಕುವುದು ಬೀದಿಗೋ ಮನೆಗೋ ಗೊತ್ತಾಗುವುದಿಲ್ಲ. 2011ರ ಭೂಕಂಪದ ನಂತರ ಫುಕುಶಿಮಾ ಸ್ಥಾವರ ಕೆಟ್ಟು ವಿದ್ಯುತ್ ಕೊರತೆಯಾದಾಗ ಎಸ್ಕಲೇಟರ್ ನಿಲ್ಲಿಸಿದರು, ರೈಲಿನ ದೀಪ ಆರಿಸಿದರು. ಕಿಟಕಿ ಮಾತ್ರ ಎಷ್ಟೋ ಮನೆಗಳಲ್ಲಿ ಹಾಗೇ ಉಳಿಯಿತು.

ಮಗಳ ದೂರನ್ನು ಅಮ್ಮನಿಗೆ ಬಿಡಿಸಿ ಹೇಳಿದೆ. ಅವರಿಗೆ ಅಜ್ಜನ ಮನೆಯ ಹಂಡೆ ನೆನಪಾಯಿತು. ತೆಂಗಿನ ಗರಿ, ಸೌದೆ ತುರುಕಿ ಬೆಳಗ್ಗೆ ಒಮ್ಮೆ ಒಲೆ ಹಚ್ಚಿದರೆ ಮುಗಿಯಿತು. ಕೆಂಡ ಆರುವ ಮೊದಲು ಮನೆಮಂದಿಯೆಲ್ಲ ಸ್ನಾನ ಮುಗಿಸಬೇಕು. ತಡವಾಗಿ ಎದ್ದವನಿಗೆ ಉಗುರುಬೆಚ್ಚಗಿನ ನೀರು, ಜೊತೆಗೆ ಬೈಗುಳ. ಬಚ್ಚಲ ನೀರು ಹಿತ್ತಲ ಬಾಳೆಗೆ. "ಹಂಡೆ ಒಂದೇ, ಆದರೆ ಚೊಂಬು ಬೇರೆ ಬೇರೆ ನೀರು ಎತ್ತುತ್ತೆ ಅಲ್ವಾ?" ಎಂದರು ಅಮ್ಮ. ವಾದದಲ್ಲಿ ಅವರನ್ನು ಗೆಲ್ಲುವವರಿಲ್ಲ.

ಈಗ ಬೆಂಗಳೂರಿನ ನಮ್ಮ ಮನೆಯಲ್ಲಿ ಸೋಲಾರ್ ಇದೆ. ಟ್ಯಾಂಕ್ ತಾರಸಿಯ ಒಂದು ಮೂಲೆಯಲ್ಲಿ, ಬಾತ್‌ರೂಮ್ ಕೆಳಗಡೆ ಇನ್ನೊಂದು ಮೂಲೆಯಲ್ಲಿ. ಪೈಪಿನಲ್ಲಿ ನಿಂತ ತಣ್ಣೀರು ಖಾಲಿಯಾಗಿ ಬಿಸಿ ಬರುವಷ್ಟರಲ್ಲಿ ಬಕೆಟ್ ತುಂಬುತ್ತದೆ. ಅದನ್ನು ಚೆಲ್ಲುವುದಕ್ಕೆ ಯಾರಿಗೂ ಸಂಕಟವಿಲ್ಲ, ಬಿಸಿಲು ಪುಕ್ಕಟೆ ತಾನೇ? ಆದರೆ ಆ ತಣ್ಣೀರು ಪುಕ್ಕಟೆಯಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿಲೋಮೀಟರ್ ಬರುತ್ತದೆ. ಪಂಪಿನ ಮೇಲೆ ಪಂಪು ಇಟ್ಟು ನೂರಾರು ಮೀಟರ್ ಮೇಲಕ್ಕೆ ಎತ್ತುತ್ತಾರೆ. ಆಮೇಲೆ ನಮ್ಮ ಸಂಪಿನಿಂದ ತಾರಸಿಗೆ ಇನ್ನೊಮ್ಮೆ ಮೋಟರ್. ಅಲ್ಲೂ ಚೆಲ್ಲುವುದು ಕರೆಂಟನ್ನೇ.

2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಈ ಬಕೆಟ್ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಕಳೆದ ಸಲ ಊರಿಗೆ ಹೋದಾಗ ಪೈಪ್ ದಾರಿ ಚಿಕ್ಕದು ಮಾಡಿ, ಮೇಲೆ ಹೊದಿಕೆ ಹಾಕು ಅಂತ ಪ್ಲಂಬರ್‌ಗೆ ಹೇಳಿದ್ದೆ. ಅವನು ನನ್ನನ್ನೇ ಒಂದು ಥರ ನೋಡಿದ. "ಫಾರಿನ್‌ನಲ್ಲಿದ್ದೂ ಇಷ್ಟು ಲೆಕ್ಕ ಹಾಕ್ತೀರಲ್ಲ ಸಾರ್!"